ಅತ್ತೆ ಬರೆಸಿದ ವಯಸ್ಸು

“ವಯಸ್ಸೆಷ್ಟು?” ನರ್ಸ್ ಕೇಳಿದಳು. “ಮೂವತ್ತೇಳು” ಎಂದೆ, ರೂಢಿಯಂತೆ.

“ನಲವತ್ತು ದಾಟಿದವರಿಗೆ ಮಾತ್ರ” ಎಂದಳು. ಕಾರವಾರದಲ್ಲಿ ನಡೆದಿದ್ದ ಉಚಿತ ಸ್ತನ ಕ್ಯಾನ್ಸರ್ ತಪಾಸಣಾ ಶಿಬಿರ ಅದು. ನನ್ನವರ ಕಚೇರಿಯ ವಿಮೆಯೋ, ಆಸ್ಪತ್ರೆಗೆ ಸೇರಿದರೆ ದುಡ್ಡು ಕೊಡುವಂಥದ್ದು. ಬರೀ ತಪಾಸಣೆಗೆಂದರೆ ಚಿಕ್ಕಾಸೂ ಇಲ್ಲ.

ನಿಜವಾಗಿ ನನಗಾಗ ನಲವತ್ತೊಂದು. ಸಂಬಂಧ ತಪ್ಪಿಹೋಗದಿರಲೆಂದು ಮದುವೆ ಮಾತುಕತೆಯಲ್ಲಿ ನನ್ನಮ್ಮ ನಾಲ್ಕು ವರ್ಷ ಇಳಿಸಿದ್ದಳು. ನಮ್ಮೂರು ಹಣಕೋಣದಿಂದ ಜೊತೆಗೆ ಬಂದಿದ್ದ ಅತ್ತೆ ಪಕ್ಕದಲ್ಲೇ ಕೂತಿರುವಾಗ ನಿಜ ಹೇಳುವುದಾದರೂ ಹೇಗೆ? ವಾಪಸ್ ಹೊರಡಲೆಂದು ಎದ್ದೆ.

ಅತ್ತೆ ನನ್ನ ಸೆರಗು ಜಗ್ಗಿ ಕೂರಿಸಿದರು. “ಎಂಥ ಮೂವತ್ತೇಳು? ನಲವತ್ತೊಂದು ಬರ್ಕೊಳ್ಳಿ ಸಿಸ್ಟರ್. ಇವಳಮ್ಮ ಮದ್ವೇಲಿ ನಾಕು ವರ್ಷ ಕಡ್ಮೆ ಹೇಳಿದ್ರು, ನಂಗೆ ಆವಾಗ್ಲೇ ಗೊತ್ತಿತ್ತು. ನಾವೂ ಮಗಂದು ಎರಡು ವರ್ಷ ಇಳಿಸಿದ್ವಲ್ಲ, ಅದ್ಕೇ ಸುಮ್ನಿದ್ದೆ!”

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಒಳಗೆ ಡಾಕ್ಟರ್ ಮಾತ್ರ ನಗಲಿಲ್ಲ. ನನ್ನ ಕೈಗೆ ಎಂದೂ ಸಿಗದಿದ್ದ ಪುಟ್ಟ ಗಂಟೊಂದು ಅವರಿಗೆ ಸಿಕ್ಕಿತ್ತು.

ಹುಡುಕಲು ದುಡ್ಡು ಕೊಡದ ವಿಮೆ, ತೆಗೆಸಲು ಕೊಟ್ಟಿತು. ಬೇಗ ಸಿಕ್ಕಿದ್ದರಿಂದ ಈಗ ಆರಾಮಾಗಿದ್ದೇನೆ. ಯಾರು ಕೇಳಿದರೂ ನಿಜ ವಯಸ್ಸನ್ನೇ ಹೇಳುತ್ತೇನೆ. ನನ್ನವರು ಮಾತ್ರ ಇಂದಿಗೂ ತಮ್ಮ ವಯಸ್ಸನ್ನು ಎರಡು ವರ್ಷ ಇಳಿಸಿಯೇ ಹೇಳುತ್ತಾರೆ; ಅವರ ಗುಟ್ಟು ನನಗೆ ಗೊತ್ತೆಂಬುದು ಅವರಿಗಿನ್ನೂ ಗೊತ್ತಿಲ್ಲ.