ರೈಟರಮ್ಮನ ಕೋಶಗಳು

ಕೋಶಗಳನ್ನು ಬೆಳೆಸುವ ಇನ್‌ಕ್ಯುಬೇಟರಿನ ತಳದ ನೀರಿಗೆ ಬೂಷ್ಟು ಹಿಡಿಯದಿರಲೆಂದು ನಮ್ಮ ಲ್ಯಾಬಿನಲ್ಲಿ ಚೂರು ಮೈಲುತುತ್ತ ಹಾಕುತ್ತೇವೆ. ಮೊನ್ನೆ ಆ ನೀಲಿ ಹರಳು ಕರಗುವುದನ್ನು ನೋಡುತ್ತ ನಿಂತವಳಿಗೆ ನಾನು ಬೆಳೆದ ಹಾನುಬಾಳಿನ ಎಸ್ಟೇಟು ನೆನಪಾಯಿತು. ಮೆಣಸಿನ ಬಳ್ಳಿಗೆ ಹೊಡೆಯಲು ಸುಣ್ಣದ ಜೊತೆ ಇದನ್ನೇ ಕಲಸಿಟ್ಟ ಡ್ರಮ್ಮುಗಳು, ಪಕ್ಕದ ಮನೆಯ ರೈಟರಮ್ಮ...

ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿಯಾದ್ದರಿಂದ ಎಲ್ಲರಿಗೂ ಅವರು ರೈಟರಮ್ಮ. ಬಾಯಿ ಜೋರು, ಕೈ ಧಾರಾಳ. ನಮ್ಮವ್ವ ಹಾಸಿಗೆ ಹಿಡಿದಿದ್ದಾಗ ನನಗೆ ಅನ್ನ ಇಕ್ಕಿದವರು ಅವರೇ.

ಅವರ ಮಗನಿಗೆ ಹರೆಯದಲ್ಲಿ, ಕೆಲವೇ ವಾರಗಳಲ್ಲಿ, ಎರಡೂ ಕಣ್ಣು ಮಂಜಾಗುತ್ತ ಹೋಗಿಬಿಟ್ಟವು. ಮೊದಲು ಮೈಲುತುತ್ತದ ಮೇಲೆ ಗೂಬೆ ಕೂರಿಸಿದರು. ಆಮೇಲೆ ರೈಟರ ಚಿಕ್ಕಪ್ಪನೊಬ್ಬನಿಗೂ ಕಣ್ಣು ಕಾಣುತ್ತಿರಲಿಲ್ಲವೆಂಬುದು ನೆನಪಾಗಿ, ಇದು ಗಂಡನ ವಂಶದ್ದೇ ಎಂದು ರೈಟರಮ್ಮ ತೀರ್ಮಾನಿಸಿದರು. ಮಗಳನ್ನು ಅವಳ ಸೋದರತ್ತೆಯ ಮಗನಿಗೆ ಕೊಡುವ ಮಾತು ಮೊದಲೇ ಆಗಿತ್ತು. ಅದನ್ನು ಮುರಿದು, ನಾದಿನಿಯ ಜೊತೆ ಮಾತು ಬಿಟ್ಟು, ಯಾವ ನಂಟೂ ಇಲ್ಲದ ಬಾಳ್ಳುಪೇಟೆಯ ಮನೆಗೆ ಕೊಟ್ಟರು. "ಆ ರಕ್ತ ನನ್ನ ಮಗಳ ಹೊಟ್ಟೇಲಿ ಹುಟ್ಟಬಾರ್ದು ಕಣೆ," ಎಂದಿದ್ದರು.

ನಾನು ಓದಿ ಈ ಕೆಲಸಕ್ಕೆ ಸೇರಿದ ಮೇಲೆ ಮಗನ ರಕ್ತ ಪರೀಕ್ಷೆಯಾಯಿತು. ದೋಷ ಇದ್ದದ್ದು ಮೈಟೊಕಾಂಡ್ರಿಯದಲ್ಲಿ. ಕೋಶಕ್ಕೆ ಕಸುವು ಒದಗಿಸುವ ಆ ಪುಟ್ಟ ಭಾಗಕ್ಕೆ ತನ್ನದೇ ಜೀನುಗಳಿವೆ, ಅವು ಬರುವುದು ತಾಯಿಯಿಂದ ಮಾತ್ರ. ದೋಷ ಇದ್ದವರೆಲ್ಲರ ಕಣ್ಣೂ ಹೋಗುವುದಿಲ್ಲ, ಹೋಗುವುದು ಹೆಚ್ಚಾಗಿ ಗಂಡುಮಕ್ಕಳದು. ರೈಟರಮ್ಮ ಕೇಳಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಹಂಗಾರೆ ನನ್ನಿಂದ್ಲೇ ಬಂದಿದ್ದು ಅನ್ನು."

"ಯಾರ ತಪ್ಪೂ ಅಲ್ಲ ದೊಡ್ಡಮ್ಮ."

"ಮಗಳಿಗೂ ಹೋಗೈತೆ, ಅವಳ ಮಗಂಗೂ ಹೋಗೈತೆ. ಸುಮ್ನೆ ನಂಟು ಕೆಡಿಸ್ಕೊಂಬುಟ್ಟೆ."

ಅಂದಿನಿಂದ ಮೊಮ್ಮಗ ಬಂದರೆ ಮೊದಲಿನಂತೆ ಕೈತುತ್ತು ಕೊಡುತ್ತಿರಲಿಲ್ಲ. ತಟ್ಟೆಯನ್ನು ಅವನ ಮುಂದೆ ಸರಿಸಿ ಒಳಗೆ ಹೋಗಿಬಿಡುತ್ತಿದ್ದರು. ಕೈಯಿಂದ ಅಂಟುವುದಲ್ಲ ಎಂದು ಎಷ್ಟು ಹೇಳಿದರೂ... ಅವರಿಗದು ಗೊತ್ತಿತ್ತು, ಆದರೂ ಕೈ ಮುಂದೆ ಬರುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಸಂಶೋಧನೆಗೆ ಚರ್ಮದ ಚೂರು ಬೇಕೆಂದಾಗ ಮಗನನ್ನು ಹಿಂದೆ ಸರಿಸಿ ತಾವೇ ತೋಳು ಚಾಚಿದರು. ಔಷಧಿಯಾಗಲು ಇನ್ನೂ ಬಹಳ ಕಾಲ ಬೇಕು ಎಂದೆ. "ಬೇಗ ಮಾಡು ಮಾರಾಯ್ತಿ," ಅಂದರು.

ಹೋದ ವರ್ಷ ತೀರಿಕೊಂಡರು. ನನ್ನನ್ನು ಹಾಗೆ ಗದರಿಸಿ ಅವಸರ ಮಾಡುವವರು ಈಗ ಯಾರೂ ಇಲ್ಲ. ಅವರ ಕೋಶಗಳು ಮಾತ್ರ ಲ್ಯಾಬಿನಲ್ಲಿ ಇನ್ನೂ ಬೆಳೆಯುತ್ತಿವೆ. ಡಿಎನ್‌ಎ ಎಳೆಯನ್ನು ತುಂಡು ಮಾಡದೆ ಅದರಲ್ಲಿ ತಪ್ಪಾಗಿರುವ ಒಂದೇ ಒಂದು ಅಕ್ಷರ ತಿದ್ದುವ ಪ್ರೋಟೀನನ್ನು ಅವುಗಳ ಮೈಟೊಕಾಂಡ್ರಿಯದೊಳಕ್ಕೆ ಕಳಿಸುವುದು ನಮ್ಮ ಕೆಲಸ. ಈ ವಾರ ಫಲಿತಾಂಶ ಬಂತು. ಆ ಡಿಎನ್‌ಎಯ ಬಹುಪಾಲು ಪ್ರತಿಗಳಲ್ಲಿ ಆ ಅಕ್ಷರ ಸರಿಹೋಗಿತ್ತು. ಲ್ಯಾಬಿನಲ್ಲಿ ಸಿಹಿ ಹಂಚಿದರು.

ಅದೇ ಸಂಜೆ ಅವರ ಮಗಳ ಫೋನು ಬಂತು. ಹುಡುಗನಿಗೆ ಬಸ್ಸಿನ ಬೋರ್ಡು ಓದಲಾಗುತ್ತಿಲ್ಲವಂತೆ.

"ಅವ್ವನ ಚರ್ಮ ತಗಂಡೋಗಿದ್ರಲ್ಲ, ಏನಾಯ್ತಕ್ಕ?"

"ಅವರ ಕೋಶದಲ್ಲಿ ಸರಿಯಾಯ್ತು ಕಣೆ," ಎಂದೆ.

"ಹಂಗಾರೆ ನಾಳೆನೇ ಇವನ್ನ ಕರ್ಕಂಡ್ ಬರ್ಲಾ?"