ಹಿಮ್ಮಡಿಗೆ ಹಾಕಿದ ಮಣ್ಣು

ಮೊದಲು ಕಂಡದ್ದು ಒಂದು ಗುಳ್ಳೆ. ನಮ್ಮವರ ಬಲಗಾಲಿನ ಹರಡಿನ, ಅಂದರೆ ಕಾಲಗಂಟಿನ ಪಕ್ಕದಲ್ಲಿ, ಕಡಲೆಕಾಳಿನಷ್ಟು. ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಹೊಲದಿಂದ ಬಂದವರು ಕಟ್ಟೆಯ ಮೇಲೆ ಕುಳಿತು, ಕಾಲಿನ ಮೆಟ್ಟು ಕಳಚಿ, ‘ಕಾಲ್ಮರಿ ಕಡದೈತಿ’ ಎಂದರು. ಉರಿ ತಡೆಯದೆ ಮೆಟ್ಟಿಲು ಬಾವಿಗೆ ಹೋಗಿ ನೀರಿನಲ್ಲಿ ಕಾಲು ಇಳಿಬಿಟ್ಟರು. ತಣ್ಣೀರು ತಾಕಿದ್ದೇ ತಡ, ಗುಳ್ಳೆ ಒಡೆಯಿತು. ಒಳಗಿನಿಂದ ಒಂದು ಬಿಳಿ ದಾರದ ತುದಿ ಇಣುಕಿತು.

ನಾರು.

ದಾರದಂಥ ಹುಳು ಚರ್ಮ ಸೀಳಿ ಹೊರಬರುವ ಈ ನಾರುಹುಣ್ಣು ತಾವರಗೇರಾದ ಸುತ್ತ ಯಾರಿಗೂ ಹೊಸದಲ್ಲ. ಬೇಸಿಗೆ ಬಂದರೆ ಓಣಿಗೆ ಒಬ್ಬರಾದರೂ ಕಾಲಿಗೆ ಔಡಲ ಎಲೆ ಕಟ್ಟಿಕೊಂಡು ಕೂತಿರುತ್ತಾರೆ. ಆದರೆ ನಮ್ಮವರಿಗೆ ಬಂದದ್ದು ಊರಿಗೇ ಸುದ್ದಿಯಾಯಿತು. ಹಣಮಪ್ಪನ ಗುಡಿಯ ಮುಂದೆ ಒಂದು ಗುಂಡುಕಲ್ಲು ಬಿದ್ದಿದೆ. ಪಂಚಮಿಯ ದಿನ ಅದನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿ ಹಿಂದಕ್ಕೆ ಒಗೆಯುವವರು ನಮ್ಮೂರಲ್ಲಿ ಇವರೊಬ್ಬರೇ. ಅಂಥವರು ಒಂದು ದಾರಕ್ಕೆ ಸೋತು ಮಂಚ ಹಿಡಿದರೆ ಜನ ನೋಡಲು ಬರದೆ ಇರುತ್ತಾರೆಯೇ? ಬಂದರು. ಬಂದವರಿಗೆಲ್ಲ ನಾನು ಚಹಾ ಕಾಸಿದೆ.

ನನ್ನ ತವರು ಗದಗಿನ ಕಡೆ. ಅಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಓದಿದ್ದೇನೆ. ಅದರ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪಂಚಮಿಯ ಉಂಡಿಗಳು ಇನ್ನೂ ಗಡಿಗೆಯಲ್ಲಿವೆ, ಅಷ್ಟು ಹೊಸ ಸಂಗತಿ ಇದು.

ಗಾಡಿ ಕಟ್ಟಿ ಕುಷ್ಟಗಿಯ ದವಾಖಾನೆಗೆ ಹೋದೆವು. ಡಾಕ್ಟರ್ ಸಾಹೇಬರು ನಾರಿನ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ಟಿಂಚರ್ ಹಚ್ಚಿ, ಬ್ಯಾಂಡೇಜ್ ಕಟ್ಟಿದರು. ಲಡಾಯಿಯ ಕಾಲ, ಟಿಂಚರ್ ಸಿಗುವುದೇ ಕಷ್ಟ ಎಂದು ಕಂಪೌಂಡರ್ ಅದನ್ನು ಅತ್ತರಿನಂತೆ ತೊಟ್ಟು ತೊಟ್ಟಾಗಿ ಬಳಸುತ್ತಿದ್ದ.

‘ದಿನಾ ಇಷ್ಟ ಇಷ್ಟ ಸುತ್ತಬೇಕು. ಎಳದ್ರ ಹರೀತೈತಿ. ಹರದ್ರ ಕಾಲ ಕೆಡ್ತೈತಿ. ಸಬೂರ ಇರಬೇಕು, ಪೈಲವಾನ’ ಎಂದರು ಡಾಕ್ಟರು. ಮತ್ತೆ ನನ್ನ ಕಡೆ ತಿರುಗಿ, ‘ಆ ಕಾಲ ಬಾವ್ಯಾಗ ಇಳಸಬ್ಯಾಡ್ರಿ. ಕುಡಿಯೋ ನೀರ ಅರಬಿಲೆ ಸೋಸ್ರಿ. ನೀರಿನಾಗಿಂದನ ಬರೂದಿದು’ ಎಂದರು.

ಕಲ್ಲು ಎತ್ತುವವರಿಗೆ ಎಲ್ಲ ಇರುತ್ತದೆ, ಸಬೂರ ಒಂದು ಇರುವುದಿಲ್ಲ. ದಿನವೂ ಕಡ್ಡಿಗೆ ಒಂದಿಷ್ಟು ಸುತ್ತುವುದು, ಮತ್ತೆ ಕಟ್ಟುವುದು, ಮಲಗುವುದು. ನಮ್ಮವರಿಗೆ ಇದು ತಮ್ಮ ಮರ್ಯಾದೆಗೇ ಕಡಿಮೆ ಅನ್ನಿಸಿತು. ನಾನು ನೀರಿಗೆ ಹೋಗಿದ್ದಾಗ ಕಡ್ಡಿ ಹಿಡಿದು ಒಂದೇ ಸಲಕ್ಕೆ ಎಳೆದರು.

ಹರಿಯಿತು.

ಸಂಜೆಗೆ ಕಾಲು ಬಾತು ಕುಂಬಳಕಾಯಿಯಾಯಿತು. ಚಳಿ, ಜ್ವರ, ಬಡಬಡಿಕೆ. ಮತ್ತೆ ಗಾಡಿ, ಮತ್ತೆ ಕುಷ್ಟಗಿ. ಇನ್‌ಫೆಕ್ಷನ್ ಎಂದರು, ಕೊಯ್ದು ಕೀವು ತೆಗೆದರು. ಡ್ರೆಸಿಂಗ್ ಮಾಡುವಾಗ ಇವರು ನನ್ನ ಕೈಯನ್ನು ಹಿಡಿದ ರಭಸಕ್ಕೆ ನನ್ನ ಬಳೆ ಒಡೆದವು. ನನಗೆ ಬಹಳ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

‘ಕಾಲ ಉಳೀತೈತಿ ತಾಯಿ’ ಎಂದರು ಡಾಕ್ಟರು. ‘ಆದ್ರ ಹರಡಿನ ಕೀಲ ಬಿಗೀತೈತಿ. ಕಲ್ಲಿನ ಮಾತ ಬಿಡ್ರಿ. ಮೊದಲಿನಂಗ ಕುಕ್ಕರಗಾಲಿಲೆ ಕುಂದ್ರಾಕ ಬಂದ್ರ ಸಾಕು ಅಂತ ದೇವರಿಗಿ ಬೇಡ್ಕೋರಿ.’

ಕುಕ್ಕರುಗಾಲಿನಲ್ಲಿ ಕೂರುವುದನ್ನೂ ದೇವರಲ್ಲಿ ಬೇಡಬೇಕಾಗುತ್ತದೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಹೊಲದಲ್ಲಿ ಕಳೆ ಕೀಳಲು, ದನದ ಹಾಲು ಹಿಂಡಲು, ಬೆಳಗಿನ ಬಯಲಿಗೆ, ಎಲ್ಲಕ್ಕೂ ಅದೇ ಬೇಕು. ಕಲ್ಲು ಎತ್ತುವುದೂ ಅಲ್ಲಿಂದಲೇ ಶುರು.

ಈಗ ಮನೆಯಲ್ಲಿ ಕಲ್ಲಿನಂಥ ಗಂಡನನ್ನು ನಾನು ಎತ್ತಬೇಕಾಯಿತು.

ನಮ್ಮ ಕಡೆ ಹಿರಿಯರ ಮುಂದೆ ಗಂಡನ ಹತ್ತಿರ ನಿಲ್ಲುವುದಕ್ಕೂ ನಾಚಿಕೆ. ಇರುವುದು ಒಂದೇ ಪಡಸಾಲೆ. ಅಲ್ಲೇ ಇವರ ಮಂಚ, ಅಲ್ಲೇ ಅತ್ತೆ ಹತ್ತಿ ಬಿಡಿಸುತ್ತ ಕೂರುವ ಜಾಗ. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು, ಮೊಳ ದೂರ ನಿಂತು, ಬೆರಳ ತುದಿಯಿಂದ ಇವರ ರಟ್ಟೆ ಹಿಡಿದು ಜಗ್ಗುತ್ತಿದ್ದೆ. ಇವರು ಅಲ್ಲಾಡುತ್ತಿರಲಿಲ್ಲ. ನನ್ನ ನಡು ಹಿಡಿಯಿತು.

‘ಹಂಗ ದೂರ ನಿಂತು ಎತ್ತಿದ್ರ ತುಂಬಿದ ಕೊಡಾ ಸೈತ ಏಳೂದಿಲ್ಲ’ ಎಂದರು ನಮ್ಮವರು. ‘ಭಾರ ಮೈಗಿ ಹತ್ತಿದಷ್ಟೂ ಹಗರ. ಎದಿಗಿ ಹಚ್ಚಗೋ. ಬೆನ್ನ ಬಗ್ಗಸಬ್ಯಾಡ, ಮೊಣಕಾಲ ಬಗ್ಗಸು. ತೊಡಿಲೆ ಏಳು.’

‘ಅತ್ತಿ ಅದಾರ್ರಿ’ ಎಂದೆ ಮೆಲ್ಲಗೆ.

ಅತ್ತೆಯ ಕಿವಿ ಬಹಳ ಚುರುಕು. ಹತ್ತಿಯ ಬುಟ್ಟಿಯ ಸಮೇತ ಕೂತಲ್ಲೇ ಗೋಡೆಯ ಕಡೆ ತಿರುಗಿದರು. ‘ನಾ ಗ್ವಾಡಿ ನೋಡಾಕತ್ತೀನಿ. ಲಗೂನ ಎತ್ತವಾ ಪಾರವ್ವ, ಗ್ವಾಡ್ಯಾಗ ಏನೂ ಇಲ್ಲ ನೋಡಾಕ.’

ಕಣ್ಣು ಮುಚ್ಚಿ ತಬ್ಬಿಕೊಂಡೆ. ಮೊಣಕಾಲು ಬಗ್ಗಿಸಿದೆ. ತೊಡೆಯ ಬಲದಿಂದ ಎದ್ದೆ. ಇಬ್ಬರೂ ಎದ್ದು ನಿಂತೆವು! ಮದುವೆಯಾಗಿ ಇಷ್ಟು ವರ್ಷಕ್ಕೆ ಹಗಲು ಹೊತ್ತಿನಲ್ಲಿ ಗಂಡನನ್ನು ತಬ್ಬಿದ್ದು ಅದೇ ಮೊದಲು. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಖುಷಿಯೇ ಹೆಚ್ಚು. ಅಂದಿನಿಂದ ಅತ್ತೆ ದಿನಕ್ಕೆ ಹತ್ತಾರು ಸಲ ಗೋಡೆ ನೋಡಿದರು.

ಮೊದಮೊದಲು ಇವರು ಹೇಳಿದ್ದನ್ನೆಲ್ಲ ಒಟ್ಟಿಗೆ ನೆನಪಿಸಿಕೊಳ್ಳುತ್ತಿದ್ದೆ. ಬೆನ್ನು ನೆಟ್ಟಗೆ, ಮೊಣಕಾಲು, ಪಾದ ಅಗಲ, ಉಸಿರು. ಎಲ್ಲವನ್ನೂ ನೆನೆಯಲು ಹೋಗಿ ಕಾಲೇ ತೊಡರುತ್ತಿತ್ತು. ಒಂದು ಬೆಳಿಗ್ಗೆ ಇವರನ್ನು ಎತ್ತಲು ಬಗ್ಗಿದ್ದೆ, ಒಲೆಯ ಮೇಲೆ ಹಾಲು ಉಕ್ಕುವ ಸಪ್ಪಳ ಕೇಳಿತು. ಒಲೆಯನ್ನೇ ನೋಡುತ್ತ ಇವರನ್ನು ಎತ್ತಿ, ಕೂರಿಸಿ, ಓಡಿದೆ. ಹಾಲು ಇಳಿಸಿದ ಮೇಲೆ ತಿಳಿಯಿತು, ಎಷ್ಟು ಹಗುರಾಗಿ ಎತ್ತಿದ್ದೆ ಎಂದು.

‘ಈಗ ಬಂತ ನೋಡು ನಿನಗ’ ಎಂದರು ನಮ್ಮವರು. ‘ವಿಚಾರ ಮಾಡಿದ್ರ ಬರೂದಿಲ್ಲ ಇದು. ಮೈ ತಾನ ಕಲೀತೈತಿ.’

ಹೇಳಿದವರು ತಮ್ಮ ವಿಷಯಕ್ಕೆ ಬಂದಾಗ ಅದನ್ನು ಮರೆತರು. ಗಾಯ ಮಾಯಿತು, ನಡೆಯಲು ಬಂತು, ಆದರೆ ಹರಡು ಮರದ ಹಾಗೆ ಬಿಗಿದಿತ್ತು. ಕುಕ್ಕರುಗಾಲಿನಲ್ಲಿ ಕೂರಲು ಹೋದರೆ ಬಲ ಮೊಣಕಾಲು ಮುಂದಕ್ಕೆ ಬಾರದು, ಹಿಮ್ಮಡಿ ಏಳುವುದು, ಇವರು ಹಿಂದಕ್ಕೆ ಧೊಪ್ಪೆಂದು ಬೀಳುವರು. ಕೂರುವ ಮೊದಲೇ ಹಿಮ್ಮಡಿಯನ್ನು ದಿಟ್ಟಿಸಿ ನೋಡುವುದು, ‘ಏಳ್ತೈತಿ, ಏಳ್ತೈತಿ’ ಎನ್ನುವುದು. ಅದೂ ಹೇಳಿದಂತೆ ಏಳುವುದು. ಬೆಳಿಗ್ಗೆ ಬಯಲಿಗೆ ಹೋದಾಗ ಜಾಲಿಯ ಟೊಂಗೆ ಹಿಡಿದು ಕೂರುತ್ತಿದ್ದರಂತೆ. ಅಂಗೈಯ ಮುಳ್ಳು ತೆಗೆಯುವ ಕೆಲಸ ನನ್ನದು. ಊರಿನ ಪೈಲವಾನರು ಹೀಗೆ ಕೈಚಾಚಿ ಕೂತಾಗ ನಗು ತಡೆಯುವುದು ಕಷ್ಟವಾಗುತ್ತಿತ್ತು, ಆದರೆ ಇವರ ಮುಖ ನೋಡಿದರೆ ನಗು ಅಲ್ಲೇ ಇಂಗುತ್ತಿತ್ತು. ಅಷ್ಟು ಸಣ್ಣದಾಗಿತ್ತು ಮುಖ.

ಮೊದಲ ಮಳೆ ಬಿದ್ದ ಮಾರನೆಯ ದಿನ ಬಯಲಿನಿಂದ ತಂಬಿಗೆ ಬೀಸುತ್ತ ಬಂದರು. ಓಣಿಯ ತುದಿಯಿಂದಲೇ ಕೂಗು.

‘ಪಾರವ್ವಾ! ಕುಂತೆ! ಕೈ ಬಿಟ್ಟು ಕುಂತೆ!’

ಓಣಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಂಥ ಸುದ್ದಿಯನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ? ಆಗಿದ್ದು ಇಷ್ಟು. ಕೆಳಗೆಲ್ಲ ಕೆಸರೆಂದು ಹೊಲದ ಒಡ್ಡಿನ ಇಳಿಜಾರಿನಲ್ಲಿ ಕೆಳಗಡೆಗೆ ಮುಖ ಮಾಡಿ ಕೂತಿದ್ದರು. ನೆಲವೇ ಹಿಮ್ಮಡಿಯ ಕಡೆ ಎತ್ತರವಾಗಿತ್ತು. ಹಾಗಾಗಿ ಹರಡು ಬಗ್ಗಬೇಕಾದದ್ದು ಕಡಿಮೆ. ಬಿಗಿದ ಕಾಲಿಗೆ ಅಷ್ಟು ಸಾಕಾಯಿತು.

ಅಂದೇ ಹಿತ್ತಲಲ್ಲಿ ಮಣ್ಣಿಗೆ ಹೊಟ್ಟು ಕಲಸಿ ಒಂದು ಇಳಿಜಾರು ದಿಬ್ಬ ಮಾಡಿದರು. ಹಿಮ್ಮಡಿಯ ಕಡೆ ಅರ್ಧ ಗೇಣೆತ್ತರ, ಬೆರಳಿನ ಕಡೆ ಸಪಾಟು. ಅದರ ಮೇಲೆ ನಿಂತು ಕೂರುವುದು, ಏಳುವುದು. ಮೊದಲು ಬರಿಗೈಯಲ್ಲಿ, ಆಮೇಲೆ ಜೋಳದ ಚೀಲ ತಬ್ಬಿ, ಆಮೇಲೆ ಒರಳುಕಲ್ಲು ತಬ್ಬಿ. ಮನೆಯಲ್ಲಿ ಮತ್ತೆ ಇವರ ಹಾಡು ಕೇಳಿಸತೊಡಗಿತು. ರಾಗ ಕೆಟ್ಟದ್ದೇ, ಆದರೂ ನಾನು ರೊಟ್ಟಿ ಬಡಿಯುತ್ತ ಅದನ್ನೇ ಕೇಳುತ್ತಿದ್ದೆ.

ಆದರೆ ದಿಬ್ಬದಿಂದ ಇಳಿದು ಸಪಾಟು ನೆಲದಲ್ಲಿ ಕೂರಿ ಎಂದರೆ ಮತ್ತೆ ಅದೇ ಕತೆ. ಹಿಮ್ಮಡಿ ನೋಡುವುದು, ‘ಏಳ್ತೈತಿ’ ಎನ್ನುವುದು, ಬೀಳುವುದು. ಕಾಲಿನ ಬಿಗಿತ ಅರ್ಧ, ಮನಸ್ಸಿನ ಬಿಗಿತ ಅರ್ಧ ಎಂದು ನನಗೆ ಅನ್ನಿಸಿತು. ಹಾಲು ಉಕ್ಕಿದ ದಿನ ನನ್ನ ಮೈಗೆ ಹೇಗೆ ಬಂದಿತ್ತೋ ಹಾಗೆ ಇವರ ಮೈಗೂ ಬರಬೇಕು. ಇವರಿಗೆ ಮಾತ್ರ ಗೊತ್ತಾಗಬಾರದು.

ದಿಬ್ಬವನ್ನು ಸೆಗಣಿಯಿಂದ ಸಾರಿಸುವವಳು ನಾನು. ಸಾರಿಸುವ ಮೊದಲು ಕಳೆ ತೆಗೆಯುವ ಕುರ್ಪಿಯಿಂದ ಹಿಮ್ಮಡಿಯ ಕಡೆ ಒಂದು ತೆಳು ಪದರ ಕೆರೆದುಬಿಟ್ಟೆ. ಇವರಿಗೆ ತಿಳಿಯಲಿಲ್ಲ. ಮುಂದಿನ ಸಲ ಇನ್ನೊಂದು ಪದರ. ಹಿತ್ತಲಲ್ಲಿ ಹೆಂಗಸರು ಏನು ಮಾಡುತ್ತಾರೆಂದು ಗಂಡಸರು ಎಂದಾದರೂ ನೋಡಿದ್ದಾರೆಯೇ?

ಅತ್ತೆ ನೋಡಿದರು. ‘ಏನ್ ಮಾಡಾಕತ್ತಿಯವಾ?’

ಹೇಳಿದೆ. ಅವರು ಕುರ್ಪಿ ಕಸಿದುಕೊಂಡರು. ಬೈಯುತ್ತಾರೆಂದುಕೊಂಡೆ.

‘ಹಿಂಗ ಗುಳಿ ಬಿದ್ರ ತಿಳೀತೈತಿ ಅವಂಗ. ತೆಳ್ಳಗ, ಸಪಾಟ ತಗೀಬೇಕು’ ಎಂದು ತಾವೇ ಕೆರೆಯಲು ಕೂತರು.

ಒಂದು ದಿನ ಅತ್ತೆಯ ಉಮೇದು ಹೆಚ್ಚಾಗಿ ಬಹಳ ತೆಗೆದುಬಿಟ್ಟರು. ಇವರು ಒರಳುಕಲ್ಲಿನ ಸಮೇತ ಹಿಂದಕ್ಕೆ ಬಿದ್ದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ‘ಇವತ್ತ ಕಾಲ ಭಾಳ ಬಿಗದೈತಿ’ ಎಂದು ಬೇಸರದಿಂದ ಹೋಗಿ ಮಲಗಿದರು. ನಾವಿಬ್ಬರೂ ಬಾಯಿ ಬಿಡದೆ ಮತ್ತೊಂದಿಷ್ಟು ಮಣ್ಣು ಹಾಕಿದೆವು. ಅಂದಿನಿಂದ ಕುರ್ಪಿ ನನ್ನ ಕೈಯಲ್ಲೇ ಉಳಿಯಿತು.

ಶ್ರಾವಣ ಬಂತು. ನನ್ನ ಅಣ್ಣ ಪಂಚಮಿಗೆ ಕರೆಯಲು ಬಂದ. ಉಂಡಿ ಕಟ್ಟಿಕೊಟ್ಟು ಅವನೊಬ್ಬನನ್ನೇ ಕಳಿಸಿದೆ. ಅಷ್ಟರಲ್ಲಿ ಹಿತ್ತಲಿನ ದಿಬ್ಬ ನೆಲಕ್ಕೆ ಸಮವಾಗಿತ್ತು. ಉಳಿದದ್ದು ಒಂದು ಸೆಗಣಿಯ ಸಾರಣೆ. ಇವರು ಮಾತ್ರ ಅದನ್ನು ‘ನನ್ನ ದಿಬ್ಬ’ ಎನ್ನುತ್ತ, ಅದರ ಮೇಲೆ ನಿಂತು, ಒರಳುಕಲ್ಲು ಎತ್ತಿ ಇಳಿಸುತ್ತಿದ್ದರು. ಹೇಳಬೇಕೆಂದು ಹಲವು ಸಲ ಬಾಯಿಗೆ ಬಂತು. ಹೇಳಿದರೆ ಮತ್ತೆ ಹಿಮ್ಮಡಿ ನೋಡಲು ಶುರು ಮಾಡುತ್ತಾರೆಂದು ಸುಮ್ಮನಾದೆ.

ಪಂಚಮಿಯ ದಿನ ಕಲ್ಲು ಇವರ ಎದೆಯವರೆಗೆ ಬಂತು, ಹೆಗಲಿಗೆ ಏರಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಕಾಲು ಇನ್ನೂ ಬೆಳಗಿನ ಹೊತ್ತು ಬಿಗಿಯುತ್ತದೆ, ಥಂಡಿಗೆ ನೋಯುತ್ತದೆ. ಮನೆಯಲ್ಲಿ ಈಗ ಸೋಸದ ನೀರನ್ನು ಯಾರೂ ಒಂದು ಹನಿಯೂ ಕುಡಿಯುವುದಿಲ್ಲ. ನಾನು ಹೇಳಬೇಕೆಂದಿರುವುದು ಕಲ್ಲು ಎತ್ತುವ ಮೊದಲು ನಡೆದದ್ದನ್ನು.

ಗುಡಿಯ ಮುಂದೆ ಜನ ಸೇರಿದ್ದರು. ಬೇವಿನ ಮರದ ಜೋಕಾಲಿಯ ಹತ್ತಿರ ನಾವು ಹೆಂಗಸರು. ಇವರು ಒಂದು ಬುಟ್ಟಿ ಮಣ್ಣು ಹೊತ್ತು ತಂದು ಕಲ್ಲಿನ ಪಕ್ಕದಲ್ಲಿ ಸುರಿದರು. ಊರ ಗೌಡರು ತಡೆದರು.

‘ಇದೇನೋ? ಸಮಾ ನೆಲದಾಗ ಎತ್ತಿದ್ರ ಎತ್ತಿದಂಗ. ಮಣ್ಣ ಹಾಕೂದು ನಮ್ಮಲ್ಲಿ ಇಲ್ಲ.’

‘ಮಣ್ಣ ಇಲ್ಲದ ನನಗ ಕುಂದ್ರಾಕ ಬರೂದಿಲ್ರಿ, ಗೌಡ್ರ’ ಎಂದರು ನಮ್ಮವರು. ಬುಟ್ಟಿ ಎತ್ತಿಕೊಂಡು ಮನೆಯ ಕಡೆ ತಿರುಗಿದರು. ನಾನು ಅತ್ತೆಯ ಸೆರಗು ಜಗ್ಗಿದೆ. ಅವರು ಕಾಯುತ್ತಲೇ ಇದ್ದರು.

‘ಲೇ ತಮ್ಮಾ!’ ಮಗನನ್ನು ಕೂಗಿದ ಅತ್ತೆಯ ದನಿ ಗುಡಿಯ ಗಂಟೆಗಿಂತ ಜೋರು. ‘ನಿನ್ನ ದಿಬ್ಬ ಎಂದೋ ಹೋಗೈತಿ! ನಿನ್ನ ಹೇಣ್ತಿ ದಿನಾ ಕೆರದು ಕೆರದು ಸಮಾ ಮಾಡ್ಯಾಳ! ನೀ ಬರೇ ನೆಲದ ಮ್ಯಾಲ ಎತ್ತಾಕತ್ತಿ!’

ಇಡೀ ಊರು ನನ್ನ ಕಡೆ ತಿರುಗಿತು. ನಾನು ಬೇವಿನ ಮರದ ಹಿಂದೆ ಸರಿದೆ. ಇವರ ಮುಖ ಕೆಂಪಾಯಿತು. ತಮ್ಮ ಕಾಲಿನ ಬಗ್ಗೆ ತಮಗಿಂತ ಹೆಚ್ಚು ತಿಳಿದವರು ಯಾರು ಎಂಬ ಸಿಟ್ಟು.

‘ಯವ್ವ, ನಿನಗೇನ ತಿಳೀತೈತಿ? ಸಮಾ ನೆಲದಾಗ ನನ್ನ ಕಾಲ ಬಗ್ಗೂದಿಲ್ಲ. ನೋಡಬೇಕೇನ? ನೋಡು, ಬರೂದಿಲ್ಲ ಅಂದ್ರ ಬರೂದಿಲ್ಲ!’

ಬುಟ್ಟಿ ಒಗೆದರು. ಅತ್ತೆಯ ಮುಖವನ್ನೇ ಸಿಟ್ಟಿನಿಂದ ನೋಡುತ್ತ, ಬೀಳುವುದನ್ನು ತೋರಿಸಲೆಂದೇ ಸಪಾಟು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು.

ಬೀಳಲಿಲ್ಲ.

ಜೋಕಾಲಿ ನಿಂತಿತು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಇವರು ನಗಲಿಲ್ಲ. ಮೆಲ್ಲಗೆ ತಲೆ ಬಗ್ಗಿಸಿ ಮೊದಲು ಎಡಗಾಲು, ಆಮೇಲೆ ಬಲಗಾಲು ನೋಡಿಕೊಂಡರು. ಹಿಮ್ಮಡಿಯ ಕೆಳಗೆ ಬೆರಳು ತೂರಿಸಲು ನೋಡಿದರು. ತೂರಲಿಲ್ಲ. ಅದು ನೆಲಕ್ಕೆ ಅಂಟಿತ್ತು. ಮರದ ಹಿಂದಿನಿಂದ ಇಣುಕುತ್ತಿದ್ದ ನನ್ನ ಕಣ್ಣಿಗೆ ಏನೂ ಕಾಣದಾಯಿತು, ಅಷ್ಟು ನೀರು.

‘ಏಳಪಾ, ಕಲ್ಲ ಎತ್ತು ಇನ್ನ’ ಎಂದರು ಗೌಡರು.

‘ತಡೀರಿ ಗೌಡ್ರ’ ಎಂದರು ನಮ್ಮವರು. ‘ಇನ್ನೊಂದೀಟು ಕುಂದರ್ತೀನಿ.’