ಎಲ್ಲರಿಗೂ 130/80

ಸ್ನೇಹಿತರೇ, ಇವತ್ತು ಬೆಳಗ್ಗೆಯಿಂದ ನನ್ನ ಕೈ ಮೇಲೆ ನನಗೇ ನಂಬಿಕೆಯಿಲ್ಲ. ಧರಮಪೇಠದ ನನ್ನ ಕ್ಲಿನಿಕ್ಕಿನಲ್ಲಿ ನಾನು ಹೇಗೆ ಕೆಲಸ ಮಾಡ್ತೀನಿ ಅಂತ ಒಮ್ಮೆ ನೋಡಿಕೊಳ್ಳೋಣ ಅನ್ನಿಸಿ, ಕಂಪ್ಯೂಟರಿನಲ್ಲಿ ಬಿಪಿ ಪೇಷಂಟುಗಳ ದಾಖಲೆ ತೆಗೆದೆ. 130/80. ಅದರ ಕೆಳಗೆ 130/80. ಅದರ ಕೆಳಗೂ ಅದೇ. ಬರೆದವಳು ನಾನೇ. ಬಿಪಿ ಯಂತ್ರದ ಮುಳ್ಳು ಎಲ್ಲಿ ನಿಂತರೂ, ಹೆಚ್ಚುಕಡಿಮೆ ಅಷ್ಟೇ ಅಂತ ಕೈ ತಾನಾಗಿ ಬರೆದುಬಿಟ್ಟಿದೆ.

ಮೊದಲು ಬಂದವರು ಆರ್ಡನನ್ಸ್ ಫ್ಯಾಕ್ಟರಿಯಿಂದ ನಿವೃತ್ತರಾದ ಹಿರೇಮಠ ಕಾಕಾ. ಈ ಸಲ ಮುಳ್ಳಿನಿಂದ ಕಣ್ಣು ಕೀಳದೆ ಅಳೆದೆ. 168/96. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ಅಳೆದೆ. 166/96.

"ಹೋದ ಸಲ ಬರೋಬರ್ ಐತಿ ಅಂದಿದ್ರಲ್ರೀ ಡಾಕ್ಟರ್," ಅಂದರು ಕಾಕಾ. "ಅದಕ್ಕ ಮತ್ತ ಉಪ್ಪಿನಕಾಯಿ ಚಾಲೂ ಮಾಡೀನಿ."

"ಹೋದ ಸಲ ನಾನು ಸರಿಯಾಗಿ ನೋಡಿರಲಿಲ್ಲ ಕಾಕಾ," ಅಂದೆ.

"ಈಗ ನೋಡಿದ್ರಲ್ಲ, ಸಾಕು ಬಿಡ್ರಿ," ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಔಷಧಿ ಬದಲಿಸಿ ಕಳಿಸಿದೆ. ಆದರೆ ಉಳಿದವರ ಹೆಸರುಗಳು ತಲೆಯೊಳಗೆ ಸುತ್ತುತ್ತಲೇ ಇದ್ದವು. ಒಬ್ಬೊಬ್ಬರಿಗೂ ಫೋನ್ ಮಾಡಿ ಮತ್ತೆ ಕರೆಸಬೇಕು. ಅಷ್ಟರಲ್ಲಿ ಯಾರಿಗಾದರೂ ಏನಾದರೂ ಆದರೆ? ಎದೆ ಡವಡವ ಅನ್ನತೊಡಗಿತು. ನಮ್ಮ ನರ್ಸ್ ಸುನಂದಾಳನ್ನು ಕರೆದು, ನನ್ನ ಬಿಪಿ ನೋಡು ಅಂತ ತೋಳು ಚಾಚಿದೆ.

ಆರು ವರ್ಷ ನನ್ನ ಪಕ್ಕದಲ್ಲೇ ನಿಂತು ಕೆಲಸ ಕಲಿತವಳು. ತೋಳಿಗೆ ಪಟ್ಟಿ ಸುತ್ತುವ ಮೊದಲೇ ಚೀಟಿಯಲ್ಲಿ 130/80 ಅಂತ ಬರೆದಿಟ್ಟಳು.